ಹುಟ್ಟಿನಿಂದಲೇ ಎರಡನೇ ಕಾರು
2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಹುಟ್ಟಿನಿಂದಲೇ ಎರಡನೇ ಕಾರು. ಚೇತನ್ ಮೈನಿ ಅವರ ಆ ಪುಟ್ಟ ಗಾಡಿಯಲ್ಲಿ ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಶಾಲೆಗೆ, ಕಚೇರಿಗೆ ಅಷ್ಟು ಸಾಕು. ಆದರೆ ಆಗ ನಮ್ಮ ಹೆಚ್ಚಿನ ಮನೆಗಳಲ್ಲಿ ಮೊದಲನೆಯ ಕಾರೇ ಇರಲಿಲ್ಲ. ಕೊಂಡರೆ ಊರಿಗೂ ಹೋಗಿಬರುವಂಥದ್ದೇ ಬೇಕಿತ್ತು. ಲಂಡನ್ನಿನಲ್ಲಿ ಮಾತ್ರ ಅದು ದಟ್ಟಣೆ ಶುಲ್ಕದ ವಿನಾಯಿತಿ ಪಡೆದು, 'ಜಿ-ವಿಜ್' ಎಂಬ ಹೆಸರಿನಲ್ಲಿ ಓಡಾಡಿತು.

ಸೆಕೆಂಡ್ ಹ್ಯಾಂಡ್ ರೇವಾ ಕೊಳ್ಳುವವರು ಮೀಟರಿಗಿಂತ ಮೊದಲು ಅದರ ಎಂಟು ಲೆಡ್-ಆಸಿಡ್ ಬ್ಯಾಟರಿಗಳನ್ನು ನೋಡಬೇಕಿತ್ತು. ಅವು ಕೆಲವೇ ವರ್ಷಗಳಲ್ಲಿ ಸೋಲುತ್ತಿದ್ದವು. ಪೆಟ್ರೋಲಿನಲ್ಲಿ ಉಳಿಸಿದ್ದು ಹೊಸ ಸೆಟ್ಟಿಗೆ ಹೋಗುತ್ತಿತ್ತು. ಈಗ ಲಿಥಿಯಂ ಬಂದಿದೆ, ಬಾಳಿಕೆ ಹೆಚ್ಚಿದೆ. ಆದರೂ ಹಳೆಯ ಇವಿ ಕೊಳ್ಳುವ ಮನೆಯವರು ಮೊದಲು ಕೇಳಬೇಕಾದದ್ದು ಅದೇ ಮಾತು: ಬ್ಯಾಟರಿ ಹೇಗಿದೆ?