ಹೊಸಬರ ಕೈಗೆ ಬಂದ ಬೆಸುಗೆ

ಕಬ್ಬಿಣದ ಎರಡು ತುಂಡುಗಳನ್ನು ಮೊಳೆ ತಿರುಪುಗಳ ನೆರವಿಲ್ಲದೆ ಒಂದಾಗಿಸುವ ವಿದ್ಯೆಯನ್ನು ಹೊಸಬರು ಕೆಲವೇ ತಿಂಗಳುಗಳಲ್ಲಿ ರೂಢಿಸಿಕೊಳ್ಳಬಹುದೆಂಬುದು ಇಪ್ಪತ್ತನೆಯ ಶತಮಾನದಲ್ಲಷ್ಟೇ ನಿಜವಾದ ಮಾತು. ಅದಕ್ಕೆ ಹಿಂದೆ ಕಬ್ಬಿಣದ ಬೆಸುಗೆಯೆಂದರೆ ಬಹುಮಟ್ಟಿಗೆ ಕುಲುಮೆಯ ಬೆಸುಗೆಯೇ. ತಿದಿಯೊತ್ತಿ ಎಬ್ಬಿಸಿದ ಇದ್ದಿಲಿನ ಉರಿಯಲ್ಲಿ ಎರಡೂ ತುದಿಗಳನ್ನು ಕರಗಗೊಡದೆ, ಬಿಳಿಹಳದಿ ಬಣ್ಣ ಬರುವವರೆಗೆ, ಅಂದರೆ ಸುಮಾರು 1,200ರಿಂದ 1,300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಒಂದರ ಮೇಲೊಂದಿಟ್ಟು ಬಡಿದು ಕೂಡಿಸುತ್ತಿದ್ದರು. ಕಾದ ಕಬ್ಬಿಣದ ಮೈಮೇಲೆ ಗಾಳಿಯ ಆಮ್ಲಜನಕದಿಂದ ಆಕ್ಸೈಡಿನ ಪದರ ಕಟ್ಟುತ್ತದೆ. ಅದು ನಡುವೆ ಉಳಿದರೆ ಬೆಸುಗೆ ಹಿಡಿಯುವುದಿಲ್ಲ. ಆದುದರಿಂದ ಕಮ್ಮಾರನು ಬೆಸೆಯುವ ಭಾಗಕ್ಕೆ ನುಣ್ಣನೆಯ ಮರಳನ್ನು ಎರಚುತ್ತಿದ್ದನು. ಮರಳಿನ ಸಿಲಿಕಾ ಆ ಪದರದೊಡನೆ ಕೂಡಿ ನೀರಾದ ಕಿಟ್ಟವಾಗಿ, ಸುತ್ತಿಗೆಯ ಪೆಟ್ಟಿಗೆ ಕಿಡಿಗಳೊಡನೆ ಹೊರಚಿಮ್ಮುತ್ತಿತ್ತು. ಸುಮಾರು 1,600 ವರ್ಷಗಳಷ್ಟು ಹಳೆಯದಾದ, ಆರು ಟನ್ನಿಗೂ ಮಿಕ್ಕಿ ತೂಗುವ ದೆಹಲಿಯ ಕಬ್ಬಿಣದ ಸ್ತಂಭವೂ ಹೀಗೆ ಕಬ್ಬಿಣದ ಮುದ್ದೆಗಳನ್ನು ಬಡಿದು ಬೆಸೆದು ಆದದ್ದೇ.

ಈ ವಿದ್ಯೆಯಲ್ಲಿ ಕಠಿಣವಾದದ್ದು ಬಡಿತವಲ್ಲ, ಬಣ್ಣದ ತೀರ್ಮಾನ. ಕಾವು ತುಸು ಕಡಿಮೆಯಾದರೆ ತುಂಡುಗಳು ಅಂಟುವುದಿಲ್ಲ, ತುಸು ಹೆಚ್ಚಾದರೆ ಕಬ್ಬಿಣವೇ ಸುಟ್ಟುಹೋಗುತ್ತದೆ. ಆ ಕಣ್ಣು ಪಳಗಲು ವರ್ಷಗಳೇ ಬೇಕಾಗಿದ್ದುದರಿಂದ ಕಸುಬು ತಂದೆಯಿಂದ ಮಗನಿಗೆ, ಅದೇ ಕುಲುಮೆಯ ಮುಂದೆ, ಇಳಿಯುತ್ತ ಬಂದುದು ಸಹಜವೇ.

ವಿದ್ಯುತ್ತು ಬಂದೊಡನೆ ಇದೆಲ್ಲ ಸುಲಭವಾಯಿತೆಂದು ತಿಳಿಯಬಾರದು. ರಷ್ಯಾದ ಬೆನಾರ್ಡೋಸ್ 1880ರ ದಶಕದಲ್ಲಿ ಇಂಗಾಲದ ಕಡ್ಡಿಗೂ ಲೋಹಕ್ಕೂ ನಡುವೆ ವಿದ್ಯುತ್ ಚಾಪವನ್ನು, ಎಂದರೆ ಗಾಳಿಯ ಕಿರಿದಾದ ಎಡೆಯನ್ನು ದಾಟಿ ಉರಿಯುವ ವಿದ್ಯುತ್ ಜ್ವಾಲೆಯನ್ನು, ಹಚ್ಚಿ ಬೆಸೆದನು. 1888ರಲ್ಲಿ ಸ್ಲಾವ್ಯಾನೊವ್ ಇಂಗಾಲದ ಬದಲು ತಾನೇ ಕರಗಿ ಸಂದನ್ನು ತುಂಬುವ ಲೋಹದ ಕಡ್ಡಿಯನ್ನು ಬಳಸಿದನು. ಆದರೆ ಬರಿಯ ತಂತಿಯಿಂದ ಹಚ್ಚಿದ ಚಾಪ ಮಾತುಮಾತಿಗೂ ನಂದುತ್ತಿತ್ತು. ಗಾಳಿಯ ಆಮ್ಲಜನಕ, ಸಾರಜನಕಗಳು ಕರಗಿದ ಲೋಹದೊಳಗೆ ಸೇರಿ ಬೆಸುಗೆ ಪೆಡಸಾಗುತ್ತಿತ್ತು. ಹಡಗುಗಳ ದುರಸ್ತಿಯಲ್ಲಿ ತೊಡಗಿದ್ದ ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ 1904ರ ಹೊತ್ತಿಗೆ ಕಡ್ಡಿಗೆ ಖನಿಜಗಳ ಲೇಪ ಬಳಿಯುವ ಉಪಾಯ ಹೂಡಿದನು. ಲೇಪ ಉರಿದು ಬರುವ ಅನಿಲ ಗಾಳಿಯನ್ನು ದೂರವಿಡುತ್ತದೆ, ಉಳಿದದ್ದು ಕಿಟ್ಟವಾಗಿ ಬೆಸುಗೆಯ ಮೇಲೆ ಹೊದಿಕೆಯಂತೆ ಕೂರುತ್ತದೆ, ಚಾಪವೂ ಸ್ಥಿರವಾಗಿ ನಿಲ್ಲುತ್ತದೆ. ಕಮ್ಮಾರನ ಮರಳು ಮಾಡುತ್ತಿದ್ದ ಕೆಲಸವನ್ನೂ ಅದಕ್ಕಿಂತ ಹೆಚ್ಚಿನದನ್ನೂ ಕಡ್ಡಿಯೇ ವಹಿಸಿಕೊಂಡಿತು. ಬೆಸುಗೆಯ ಚರಿತ್ರೆಯಲ್ಲಿ ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಆದಂತಿಲ್ಲ.

ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಹಡಗುಕಟ್ಟೆಗಳಲ್ಲಿ, ಅಲ್ಲಿಯವರೆಗೆ ಬೆಸುಗೆಯನ್ನೇ ಕಾಣದಿದ್ದ ಸಾವಿರಾರು ಗಂಡಸರೂ ಹೆಂಗಸರೂ ಅಲ್ಪಕಾಲದ ತರಬೇತಿ ಪಡೆದು ಸರಕುಹಡಗುಗಳನ್ನು ಬೆಸೆದರು. 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಎಂಬ ತೈಲಹಡಗು ಕಟ್ಟೆಯಲ್ಲಿ ನಿಂತಿದ್ದಂತೆಯೇ ಸೀಳಿದಾಗ ಈ ಹೊಸಬರ ಮೇಲೆ ಅನುಮಾನ ಬಿದ್ದದ್ದುಂಟು. ಕೆಟ್ಟ ಬೆಸುಗೆಗಳು ಇದ್ದವು, ನಿಜ. ಆದರೆ ಅಂದಿನ ಉಕ್ಕು ಚಳಿಯಲ್ಲಿ ಪೆಡಸಾಗುತ್ತಿತ್ತೆಂಬುದನ್ನು ಕೇಂಬ್ರಿಜ್ಜಿನ ಕಾನ್‌ಸ್ಟನ್ಸ್ ಟಿಪ್ಪರ್ ತೋರಿಸಿಕೊಟ್ಟರು. ರಿವೆಟ್ ಹೊಡೆದ ಹಡಗಿನಲ್ಲಿ ಹಲಗೆಯ ಅಂಚಿಗೆ ನಿಲ್ಲಬಹುದಾಗಿದ್ದ ಬಿರುಕು, ಬೆಸೆದ ಹಡಗಿನಲ್ಲಿ ತಡೆಯಿಲ್ಲದೆ ಓಡುತ್ತಿತ್ತು.

ಭಾರತದಲ್ಲಿ 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯು ಕೈಗಾರಿಕಾ ತರಬೇತಿ ಸಂಸ್ಥೆಗಳ, ಎಂದರೆ ಐಟಿಐಗಳ, ಮೂಲಕ ಈ ಕಸುಬನ್ನು ಕುಲುಮೆಯ ಮನೆತನಗಳಾಚೆಗೂ ಕೊಂಡೊಯ್ದಿತು. ವೆಲ್ಡರ್ ಕಲಿಕೆ ಇಲ್ಲಿ ಒಂದು ವರ್ಷದ್ದು. ವರ್ಕ್‌ಶಾಪುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 6013 ಎಂಬ ರಾಡು, ಎಂದರೆ ಲೇಪ ಬಳಿದ ಕಡ್ಡಿ; ಮೊದಲ ಎರಡು ಅಂಕಿಗಳು ಬೆಸುಗೆಯ ಬಲವನ್ನೂ (ಚದರ ಅಂಗುಲಕ್ಕೆ 60,000 ಪೌಂಡ್), ಮೂರನೆಯದು ಯಾವ ಭಂಗಿಯಲ್ಲೂ ಬೆಸೆಯಬಹುದೆಂಬುದನ್ನೂ, ಕೊನೆಯ ಎರಡು ಕೂಡಿ ಲೇಪದ ಬಗೆಯನ್ನೂ ಸೂಚಿಸುತ್ತವೆ. ಕಲಿಯುವವರು ರಾಡಿನ ತುದಿಯನ್ನು ಬೆಂಕಿಕಡ್ಡಿಯಂತೆ ತಗಡಿನ ಮೇಲೆ ಗೀರಿ, ಚಾಪ ಹತ್ತಿದೊಡನೆ ತುಸುವೇ ಎತ್ತಿ, ರಾಡಿನ ದಪ್ಪದಷ್ಟು ಎಡೆಯನ್ನು ಕಾಯ್ದುಕೊಂಡು ಸಾಗಬೇಕು. ಎತ್ತುವುದು ತಡವಾದರೆ ರಾಡು ಕಚ್ಚಿಕೊಳ್ಳುತ್ತದೆ, ಎತ್ತರ ಹೆಚ್ಚಾದರೆ ಚಾಪ ನಂದುತ್ತದೆ. ಮೊದಲು ಸಮತಟ್ಟಾದ ತಗಡಿನ ಮೇಲೆ ನೇರ ಗೆರೆಗಳು, ಆಮೇಲೆ ನಿಲುವಿನ ಬೆಸುಗೆ. ರಾಡಿನ ಅಂಕಿ ಯಾವ ಭಂಗಿಗೂ ಒಪ್ಪಿಗೆ ಕೊಟ್ಟಿದ್ದರೂ, ಕರಗಿದ ಲೋಹ ಕೆಳಗೆ ತೊಟ್ಟಿಕ್ಕುವುದರಿಂದ ತಲೆಯ ಮೇಲಿನ ಬೆಸುಗೆಯ ಸರದಿ ಬರುವುದು ಕೊನೆಗೇ.