ಕೋಡ್ ತುಣುಕುಗಳ ಸಂಗ್ರಹ: ಕಾಗದದ ಟೇಪಿನಿಂದ ಕನ್ನಡದ ಕಡತಕ್ಕೆ

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿರುವ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1980ರಲ್ಲಿ. ಅಲ್ಲಾಗಲಿ, ರಾಜ್ಯದ ಬೇರೆ ತಾಂತ್ರಿಕ ಕಾಲೇಜುಗಳಲ್ಲಾಗಲಿ, ಕಂಪ್ಯೂಟರ್ ಓದುವ ವಿದ್ಯಾರ್ಥಿಯ ಮೊದಲ ಕೋಡ್ ಸಂಗ್ರಹವೆಂದರೆ ಲ್ಯಾಬ್ ರೆಕಾರ್ಡ್. ಸ್ಟ್ಯಾಕ್, ಕ್ಯೂ, ಸಾರ್ಟಿಂಗ್ ಪ್ರೋಗ್ರಾಂಗಳನ್ನು ಬರೆದು, ಔಟ್‌ಪುಟ್ ನಮೂದಿಸಿ, ಮೇಷ್ಟ್ರ ಸಹಿ ಪಡೆದ ಪುಸ್ತಕ ಅದು. ಪರೀಕ್ಷೆ ಮುಗಿದರೆ ಅದನ್ನು ಮತ್ತೆ ತೆರೆಯುವವರು ಕಡಿಮೆ. ಆದರೆ ಬರೆದು, ಪರೀಕ್ಷಿಸಿ, ಮತ್ತೆ ಬಳಸಲೆಂದು ಎತ್ತಿಡುವ ಆ ಕ್ರಮ ಕಂಪ್ಯೂಟರಿನಷ್ಟೇ ಹಳೆಯದು. ಅದು ಬೆಳೆದುಬಂದ ದಾರಿಯನ್ನು ನೋಡಿದರೆ ಕನ್ನಡದಲ್ಲಿ ಬಾಕಿ ಉಳಿದಿರುವ ಕೆಲಸವೂ ಕಾಣುತ್ತದೆ.

ಮೊದಲ ಭಂಡಾರಗಳು

ಕೇಂಬ್ರಿಜ್‌ನ ಎಡ್ಸಾಕ್ ಯಂತ್ರ ತನ್ನ ಮೊದಲ ಪ್ರೋಗ್ರಾಂ ನಡೆಸಿದ್ದು 1949ರ ಮೇ 6ರಂದು. ಪ್ರತಿಯೊಬ್ಬರೂ ವರ್ಗಮೂಲದಂಥ ಲೆಕ್ಕಕ್ಕೆ ಹೊಸದಾಗಿ ಕೋಡ್ ಬರೆದರೆ ಸಮಯ ಹಾಳು, ತಪ್ಪುಗಳೂ ಹೆಚ್ಚು ಎಂಬುದು ಬೇಗನೆ ತಿಳಿಯಿತು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ 1951ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು. ಆ ವೇಳೆಗೆ ಅವರ ಭಂಡಾರದಲ್ಲಿ 87 ಸಬ್‌ರೂಟಿನ್‌ಗಳಿದ್ದವು. ಕಾಗದದ ಟೇಪಿನಲ್ಲಿದ್ದ ಅವುಗಳಿಂದ ಬೇಕಾದದ್ದನ್ನು ತಮ್ಮ ಟೇಪಿಗೆ ನಕಲು ಮಾಡಿಕೊಳ್ಳಬಹುದಿತ್ತು. ಯಾವುದು ಏನು ಮಾಡುತ್ತದೆ, ಎಷ್ಟು ಸ್ಮೃತಿ ಬೇಕು, ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ವಿವರವೂ ಜೊತೆಗಿರುತ್ತಿತ್ತು.

1955ರಲ್ಲಿ ಐಬಿಎಂ ಯಂತ್ರಗಳ ಬಳಕೆದಾರರು ‘ಶೇರ್’ ಎಂಬ ಸಂಘ ಕಟ್ಟಿ ತಮ್ಮ ಪ್ರೋಗ್ರಾಂಗಳನ್ನು ಪರಸ್ಪರ ಹಂಚಿಕೊಂಡರು. 1960ರಲ್ಲಿ ಅಮೆರಿಕದ ಎಸಿಎಂ ಸಂಸ್ಥೆಯ ಮಾಸಪತ್ರಿಕೆ ಆಲ್ಗಾರಿದಮ್‌ಗಳಿಗೆ ಕ್ರಮಸಂಖ್ಯೆ ಕೊಟ್ಟು ಪ್ರಕಟಿಸಲು ತೊಡಗಿತು. ಇಂದು ಎಲ್ಲ ಲ್ಯಾಬ್‌ಗಳಲ್ಲೂ ಬರುವ ಟೋನಿ ಹೋರ್ ಅವರ ಕ್ವಿಕ್‌ಸಾರ್ಟ್ 1961ರಲ್ಲಿ ಅಚ್ಚಾದ 64ನೆಯ ಆಲ್ಗಾರಿದಮ್. ಪ್ರಕಟವಾದ ಕೋಡನ್ನು ಬೇರೊಬ್ಬರು ತಮ್ಮ ಯಂತ್ರದಲ್ಲಿ ನಡೆಸಿ ನೋಡಿ, ಸರಿಯಿದೆಯೆಂದೋ ತಿದ್ದುಪಡಿ ಬೇಕೆಂದೋ ಅದೇ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಈ ಕ್ಷೇತ್ರದ ಅತ್ಯುತ್ತಮ ಪರಂಪರೆ ಇದೇ ಎಂದು ನಾನು ನಂಬಿದ್ದೇನೆ.

1968ರಲ್ಲಿ ಜರ್ಮನಿಯ ಗಾರ್ಮಿಶ್ ಸಮ್ಮೇಳನದಲ್ಲಿ ಡಗ್ಲಸ್ ಮೆಕ್‌ಇಲ್ರಾಯ್, ಕಾರ್ಖಾನೆಯ ಬಿಡಿಭಾಗಗಳ ಹಾಗೆ ತಂತ್ರಾಂಶದ ಭಾಗಗಳೂ ಸಿದ್ಧವಾಗಿ ಸಿಗಬೇಕೆಂದು ವಾದಿಸಿದರು. ಅವರ ಒತ್ತಾಸೆಯಿಂದಲೇ 1973ರಲ್ಲಿ ಯುನಿಕ್ಸ್‌ಗೆ ಪೈಪ್ ಬಂತು. ಸಣ್ಣ ಸಣ್ಣ ಆದೇಶಗಳನ್ನು ಒಂದಕ್ಕೊಂದು ಜೋಡಿಸಿ ದಿನನಿತ್ಯದ ಕೆಲಸ ಮುಗಿಸುವ ಪದ್ಧತಿ ಅಲ್ಲಿಂದ ಬೆಳೆಯಿತು.

ಸುಲಭವಾದದ್ದು, ಸಡಿಲವಾದದ್ದು

ಅಂತರಜಾಲ ಬಂದ ಮೇಲೆ ಭಂಡಾರಗಳು ಹಿಗ್ಗಿದವು. 1995ರಲ್ಲಿ ಪರ್ಲ್ ಭಾಷೆಗೆ ಸಿಪ್ಯಾನ್, 2003ರಲ್ಲಿ ಪೈಥಾನ್‌ಗೆ ಪೈಪಿಐ ಬಂದವು. 2008ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಮತ್ತು ಗಿಟ್‌ಹಬ್‌ನ ಗಿಸ್ಟ್ ಎರಡೂ ಶುರುವಾದವು. ನಾಲ್ಕು ಸಾಲಿನ ಕೋಡಿಗೂ ವಿಳಾಸ ಸಿಕ್ಕಿತು. ಜಿಲ್ಲಾ ಕೇಂದ್ರದ ವಿದ್ಯಾರ್ಥಿಗೂ ದೊಡ್ಡ ನಗರದ ಎಂಜಿನಿಯರಿಗೂ ಒಂದೇ ಭಂಡಾರ ತೆರೆಯಿತು.

ಆದರೆ ಎಡ್ಸಾಕ್ ಕಾಲದಲ್ಲಿ ಕೋಡಿನ ಜೊತೆಗೇ ಬರುತ್ತಿದ್ದ ವಿವರಣೆ ಈ ಅವಸರದಲ್ಲಿ ಹಿಂದೆ ಬಿತ್ತು. 2016ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್ ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದು ಸಾಲಿನ ಜಾವಾಸ್ಕ್ರಿಪ್ಟ್ ತುಣುಕನ್ನು ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ನಂಬಿದ್ದ ಅಸಂಖ್ಯ ಯೋಜನೆಗಳ ಬಿಲ್ಡ್ ನಿಂತುಹೋಯಿತು. 2021ರಲ್ಲಿ ಬಂದ ಕೋಪೈಲಟ್ ಮತ್ತು ಅದರ ನಂತರದ ಎಐ ಸಾಧನಗಳು ಕೇಳಿದ ಕೂಡಲೇ ಕೋಡ್ ಬರೆದುಕೊಡುತ್ತವೆ. ಅದು ಸರಿಯೇ ಎಂದು ನೋಡುವ ಹೊಣೆ ಮಾತ್ರ ಬಳಸುವವರದೇ.

ಕನ್ನಡದ ಕಷ್ಟಗಳು

ಕನ್ನಡ ಪಠ್ಯಕ್ಕೆ ಬಂದರೆ ಈ ಹೊಣೆ ಇನ್ನೂ ಹೆಚ್ಚು. ‘ಅಕ್ಕಿ’ ನಮಗೆ ಎರಡು ಅಕ್ಷರ. ಯುನಿಕೋಡ್‌ನಲ್ಲಿ ಅದು ಅ, ಕ, ವಿರಾಮ, ಕ, ಗುಡಿಸು ಎಂಬ ಐದು ಸಂಕೇತ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 5 ಎನ್ನುತ್ತದೆ. ಅದರ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಪದ ಹುಡುಕುವ ಸಾಮಾನ್ಯ ಗುರುತನ್ನು ಬಳಸಿದರೆ ವಿರಾಮವೂ ಗುಡಿಸೂ ಬಿಟ್ಟುಹೋಗಿ ‘ಅಕ’, ‘ಕ’ ಎಂಬ ಎರಡು ಚೂರು ಸಿಗುತ್ತವೆ. ಇಂಗ್ಲಿಷ್ ಪಠ್ಯದಲ್ಲಿ ನಿರ್ದೋಷವಾಗಿ ನಡೆದ ತುಣುಕು ಇಲ್ಲಿ ಪದಗಳನ್ನೇ ಒಡೆಯುತ್ತದೆ.

ಹಳೆಯ ಕಡತಗಳದ್ದು ಇನ್ನೊಂದು ತೊಡಕು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದ ಬಲದಿಂದ ಕಚೇರಿಗಳೂ ಮುದ್ರಣಾಲಯಗಳೂ ಕನ್ನಡದಲ್ಲಿ ಟೈಪ್ ಮಾಡತೊಡಗಿದವು. ಆ ಕಾಲದ ಫಾಂಟ್‌ಗಳು ಕೂಡಿಸಿಟ್ಟದ್ದು ಅಕ್ಷರಗಳ ಆಕಾರಗಳನ್ನು. ‘ಅಕ್ಕಿ’ಯನ್ನೇ ನೋಡಿ: ನುಡಿಯಲ್ಲಿ ‘ಕಿ’ ಮೊದಲು, ಒತ್ತು ಆಮೇಲೆ. ಯುನಿಕೋಡ್‌ನಲ್ಲಿ ಒತ್ತು ಮೊದಲು, ಗುಡಿಸು ಕೊನೆಗೆ. ‘ಕರ್ನಾಟಕ’ದ ಅರ್ಕಾವತ್ತು ನುಡಿಯಲ್ಲಿ ‘ನಾ’ ಆದ ಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ಅದಕ್ಕೆ ಮೊದಲು. ಆದ್ದರಿಂದ ಹಳೆಯ ಕಡತವನ್ನು ಯುನಿಕೋಡ್‌ಗೆ ತರಲು ಪಟ್ಟಿ ನೋಡಿ ಅಕ್ಷರ ಬದಲಿಸಿದರೆ ಸಾಲದು, ಕ್ರಮವನ್ನೂ ತಿರುಗಿಸಬೇಕು. ಅರವಿಂದ ವಿ.ಕೆ. ಇದಕ್ಕೆ ಪೈಥಾನ್‌ನಲ್ಲಿ ಪರಿವರ್ತಕ ಬರೆದು ಮುಕ್ತ ತಂತ್ರಾಂಶವಾಗಿ ಕೊಟ್ಟರು. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ಬಳಗ ವಚನಗಳನ್ನು ಹುಡುಕಬಲ್ಲ ಪಠ್ಯವಾಗಿಸಿ ‘ವಚನ ಸಂಚಯ’ವನ್ನು ಕಟ್ಟಿತು. ಒಮ್ಮೆ ಸರಿಯಾಗಿ ಬರೆದ ಕೋಡ್ ಎಷ್ಟು ಜನರ ಶ್ರಮ ಉಳಿಸುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಸಿರುಗುಪ್ಪದ ಅಕ್ಕಿ ಗಿರಣಿಗೋ ಬಳ್ಳಾರಿಯ ಜೀನ್ಸ್ ಘಟಕಕ್ಕೋ ಕನ್ನಡದಲ್ಲಿ ಬಿಲ್ ಬೇಕೆನ್ನಿ. ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಇಂಗ್ಲಿಷ್ ತುಣುಕಿಗೆ ಕನ್ನಡ ಪದ ತುಂಬಿದರೆ ಕೆಲಸವಾಗದು. 100 ಎಂದರೆ ನೂರು. 125 ಎಂದರೆ ನೂರ ಇಪ್ಪತ್ತೈದು. 200 ಇನ್ನೂರು, 300 ಮುನ್ನೂರು, 500 ಐನೂರು. ಅಲ್ಪವಿರಾಮ 12,34,567 ಎಂದು ಲಕ್ಷದ ಲೆಕ್ಕದಲ್ಲಿ ಬೀಳಬೇಕು. ಈ ನಿಯಮಗಳು ನಮ್ಮ ಮಕ್ಕಳಿಗೂ ಗೊತ್ತು. ಅವನ್ನು ಕೋಡಿಗಿಳಿಸುವುದು ಕನ್ನಡ ಬಲ್ಲವರೇ ಮಾಡಬೇಕಾದ ಕೆಲಸ.

ಮುಂದೆ

ಒಳ್ಳೆಯ ತುಣುಕಿನ ಜೊತೆ ನಾಲ್ಕು ಮಾತು ಇರಲೇಬೇಕು: ಏನು ಮಾಡುತ್ತದೆ, ಯಾವ ಮಾದರಿಗಳ ಮೇಲೆ ಪರೀಕ್ಷಿಸಿದೆ, ಎಲ್ಲಿಂದ ಬಂತು, ಯಾವ ಪರವಾನಗಿ. ಸ್ಟ್ಯಾಕ್ ಓವರ್‌ಫ್ಲೋದಿಂದ ತಂದದ್ದಾದರೆ ಬರೆದವರ ಹೆಸರನ್ನು ಹೇಳುವುದು ಅದರ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಷರತ್ತು.

ಕಂಟೋನ್ಮೆಂಟಿನ ಕಾಲೇಜಿನಿಂದ ಹಿಡಿದು ನಾಡಿನ ಪ್ರತಿ ಕಂಪ್ಯೂಟರ್ ವಿಭಾಗವೂ ಲ್ಯಾಬ್ ರೆಕಾರ್ಡಿನ ಜೊತೆಗೆ ಕನ್ನಡಕ್ಕೆ ಬೇಕಾದ ಒಂದೊಂದು ತುಣುಕನ್ನು ಬರೆಸಲಿ. ಒಂದು ತಂಡ ಬರೆದದ್ದನ್ನು ಇನ್ನೊಂದು ತಂಡ ಪರೀಕ್ಷಿಸಲಿ. ಸರಿಯಾದದ್ದು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಗಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ. ಬೇಕಾದದ್ದು ಅಧ್ಯಾಪಕರ ಸಂಕಲ್ಪ ಮತ್ತು ವಿದ್ಯಾರ್ಥಿಗಳ ಒಂದು ಸೆಮಿಸ್ಟರ್.