ತಲಪಾಡಿ ಗೇಟು ವೈರಸ್ಸಿಗೆ ಕಾಣೋದಿಲ್ಲ

ಮಂಗಳೂರು ಅಂದ್ರೆ ಮೆಡಿಕಲ್ ಕಾಲೇಜುಗಳ ಊರು ಅಂತ ಹೆಮ್ಮೆಯಿಂದ ಹೇಳ್ತೀವಿ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್, ದೇರಳಕಟ್ಟೆಯಲ್ಲಿ ನಿಟ್ಟೆ ಮತ್ತು ಯೆನೆಪೋಯ, ಪಕ್ಕದ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ. 1969ರಿಂದ ಮೀನುಗಾರಿಕೆ ಕಾಲೇಜೂ ಇದೆ. ಉತ್ತರಕ್ಕೆ ಮಣಿಪಾಲ, ದಕ್ಷಿಣಕ್ಕೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಎಲ್ಲದರ ಬಾಗಿಲು ತಟ್ಟಿ ಬರಬಹುದು.

ಹಾಗಾದರೆ ಇವರೆಲ್ಲ ಒಟ್ಟಿಗೆ ಕೂತು ಕೆಲಸ ಮಾಡೋದು ಕಷ್ಟವಾ? ಈ ಕರಾವಳಿಯ ಇತಿಹಾಸ ಏನು ಹೇಳುತ್ತೆ, ನೋಡೋಣ ಬನ್ನಿ.

1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಕಾಲೇಜೇನೋ ಆಯ್ತು. ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿಯೋದಕ್ಕೆ ದೊಡ್ಡ ಆಸ್ಪತ್ರೆ ಎಲ್ಲಿ? ಮಂಗಳೂರಿನಲ್ಲಿ 1848ರಷ್ಟು ಹಳೆಯ ಸರ್ಕಾರಿ ಆಸ್ಪತ್ರೆ ಇತ್ತು, ಅದೇ ವೆನ್‌ಲಾಕ್. ಅಲ್ಲಿ ರೋಗಿಗಳಿದ್ದರು, ಇಲ್ಲಿ ಮೇಷ್ಟ್ರುಗಳಿದ್ದರು. ಖಾಸಗಿ ಕಾಲೇಜು, ಸರ್ಕಾರಿ ಆಸ್ಪತ್ರೆ ಕೈಜೋಡಿಸಿದವು. 1955ರಲ್ಲಿ ಮಂಗಳೂರಿನ ಕೆಎಂಸಿ ಶುರುವಾಯಿತು. ಖಾಸಗಿ-ಸರ್ಕಾರಿ ಸಹಭಾಗಿತ್ವ ಅನ್ನೋ ಮಾತು ಯಾರ ಬಾಯಲ್ಲೂ ಇಲ್ಲದ ಕಾಲ ಅದು! ಇವತ್ತಿಗೂ ವೆನ್‌ಲಾಕ್ ವಾರ್ಡುಗಳಲ್ಲಿ ಕೆಎಂಸಿ ವೈದ್ಯರು ಓಡಾಡ್ತಿದ್ದಾರೆ. ಯಾಕೆ ಉಳಿಯಿತು ಗೊತ್ತಾ? ಅದು ವೇದಿಕೆ ಮೇಲಿನ ಭರವಸೆ ಆಗಿರಲಿಲ್ಲ, ಕಾಗದದ ಮೇಲಿನ ಒಪ್ಪಂದ ಆಗಿತ್ತು.

ಇನ್ನೊಂದು ಕಥೆ ಕೇಳಿ. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ ಹುಟ್ಟಿದ್ದು 1916ರಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡದ್ದೇ ತಾಲ್ಲೂಕು. 1956ರಲ್ಲಿ ಗಡಿ ಗೀಚಿದರು, ಕಾಸರಗೋಡು ಕೇರಳಕ್ಕೆ ಹೋಯ್ತು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ಈ ಕಡೆ ಉಳೀತು. ಆದರೆ 1970ರಲ್ಲಿ ಕೇಂದ್ರ ಸರ್ಕಾರ ಗಡಿಯ ಆಚೆ ಈಚೆಯ ಈ ಕೇಂದ್ರಗಳನ್ನು ಸೇರಿಸಿ ಸಿಪಿಸಿಆರ್‌ಐ ಅನ್ನೋ ಒಂದೇ ಸಂಸ್ಥೆ ಮಾಡಿತು. ವಿಟ್ಲದಲ್ಲಿ ಆಯ್ದು ಬೆಳೆಸಿದ ‘ಮಂಗಳಾ’ ಅಡಿಕೆ ತಳಿ ಯಾವ ರಾಜ್ಯದ್ದು ಅಂತ ರೈತ ಕೇಳಲಿಲ್ಲ, ಗುಂಡಿ ತೋಡಿ ನೆಟ್ಟ.

ಇನ್ನು ಕಹಿ ಕಥೆ. ಎಪ್ಪತ್ತರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆಯ ಕನ್ನಡ ಪತ್ರಕರ್ತ ಶ್ರೀಪಡ್ರೆ, ಅದೇ ಊರಿನ ವೈದ್ಯ ಡಾ. ಮೋಹನ್ ಕುಮಾರ್ ಕೂಗಿ ಹೇಳಿದರು. ಈ ಕಡೆ ಕೊಕ್ಕಡದ ಸುತ್ತಲೂ ಅದೇ ಗೇರು, ಅದೇ ವಿಷ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರಿತು. ಆದರೆ ಸಂತ್ರಸ್ತರಿಗೆ ಎರಡು ಸರ್ಕಾರ, ಎರಡು ಪಟ್ಟಿ, ಎರಡು ಲೆಕ್ಕ. ಒಂದೇ ವಿಷ ಎರಡೂ ಕಡೆಯ ಮಕ್ಕಳಿಗೆ ಏನು ಮಾಡಿತು ಅಂತ ಒಟ್ಟಿಗೆ ಇಟ್ಟು ನೋಡಿದ್ದರೆ ವಿಜ್ಞಾನಕ್ಕೆ ಎಷ್ಟು ಬಲ ಬರ್ತಿತ್ತು, ಆ ತಾಯಂದಿರಿಗೆ ಎಷ್ಟು ಬಲ ಬರ್ತಿತ್ತು, ಯೋಚನೆ ಮಾಡಿ.

ಮೇ 2018. ಕೋಝಿಕ್ಕೋಡ್‌ನಲ್ಲಿ ಒಂದೇ ಮನೆಯವರು ಒಬ್ಬರ ಹಿಂದೆ ಒಬ್ಬರು ಜ್ವರದಿಂದ ಸಾಯ್ತಿದ್ದರು. ಸ್ಯಾಂಪಲ್ ಬಂದದ್ದು ಸುಮಾರು ಮುನ್ನೂರು ಕಿಲೋಮೀಟರ್ ದೂರದ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ನಿಪಾ ಅಂತ ಮೊದಲು ಪತ್ತೆ ಹಚ್ಚಿದ್ದು ಅಲ್ಲೇ, ಪುಣೆಯ ರಾಷ್ಟ್ರೀಯ ಸಂಸ್ಥೆ ಆಮೇಲೆ ಖಚಿತಪಡಿಸಿತು. ಇದು ಪವಾಡ ಅಲ್ಲ. ಹಲವು ರಾಜ್ಯಗಳ ಜ್ವರದ ಪ್ರಕರಣಗಳನ್ನು ಪರೀಕ್ಷಿಸೋ ಕೆಲಸ ಆ ಲ್ಯಾಬ್‌ನಲ್ಲಿ ಅದಕ್ಕೂ ಮೊದಲೇ ನಡೀತಿತ್ತು. ಯಾರಿಗೆ ಫೋನ್ ಮಾಡಬೇಕು ಅಂತ ಕೇರಳದ ವೈದ್ಯರಿಗೆ ಗೊತ್ತಿತ್ತು.

ಎರಡೇ ವರ್ಷ ಕಳೀತು. ಮಾರ್ಚ್ 2020ರಲ್ಲಿ ಅದೇ ಕರಾವಳಿಯಲ್ಲಿ ತಲಪಾಡಿ ಗೇಟು ಬಿತ್ತು, ಒಳರಸ್ತೆಗಳ ಮೇಲೆ ಮಣ್ಣು ಸುರಿದರು. ದಶಕಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆ ಕಡೆಯೇ ಉಳಿದರು. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿ ಒಂದರ ಮೇಲೊಂದು ಬಂತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋದ ಮೇಲೆ ಆಂಬ್ಯುಲೆನ್ಸ್‌ಗೆ ದಾರಿಯಾಯ್ತು. ಸೋಂಕಿನ ಭಯ ಸುಳ್ಳಲ್ಲ, ಒಪ್ಪೋಣ. ಆದರೆ ಎರಡೂ ಕಡೆಯ ಆಸ್ಪತ್ರೆಗಳ ನಡುವೆ ಮೊದಲೇ ಒಂದು ನಿಯಮ ಇದ್ದಿದ್ದರೆ ರೋಗಿಯ ವಿಚಾರ ಕೋರ್ಟಿಗೆ ಹೋಗಬೇಕಿತ್ತಾ?

ಲೆಕ್ಕ ಸ್ಪಷ್ಟವಾಗಿದೆ. ಮೊದಲೇ ಕಟ್ಟಿದ ಸಂಬಂಧ ಕೆಲಸ ಮಾಡಿದೆ. ಆಪತ್ತು ಬಂದ ಮೇಲೆ ಹುಡುಕಿದ ಸಂಬಂಧ ತಡವಾಗಿದೆ. ಒಡಂಬಡಿಕೆಗಳೇ ಇಲ್ಲ ಅಂತ ನಾನು ಹೇಳ್ತಿಲ್ಲ. ಯೆನೆಪೋಯ ಬೆಂಗಳೂರಿನ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ ಜೊತೆ ಸೇರಿ ಪ್ರೋಟೀನ್ ಸಂಶೋಧನೆ ಮಾಡಿದೆ. ಬಹಳ ಸಂತೋಷ. ಬೆಂಗಳೂರಿನ ಜೊತೆ ಆಗೋದು ನೆರೆಮನೆಗಳ ಜೊತೆಯೂ ಆಗಲಿ.

ನಾನು ಹೊಸ ಕಟ್ಟಡ ಕೇಳ್ತಿಲ್ಲ. ಈ ಸಂಸ್ಥೆಗಳೆಲ್ಲ ಸೇರಿ ಕರಾವಳಿಯ ಜ್ವರಗಳಿಗೆ ಒಂದು ಸಾಮಾನ್ಯ ದಾಖಲೆ ಇಡಲಿ. ಸ್ಯಾಂಪಲ್ ಹಂಚಿಕೊಳ್ಳೋದಕ್ಕೆ ಒಂದು ನಿಯಮ ಬರಲಿ. ಒಬ್ಬರ ದುಬಾರಿ ಯಂತ್ರದಲ್ಲಿ ಇನ್ನೊಬ್ಬರ ವಿದ್ಯಾರ್ಥಿ ಕೆಲಸ ಮಾಡಲಿ. ಆ ಮೇಜಿನ ಸುತ್ತ ಕಾಸರಗೋಡಿಗೂ ಒಂದು ಕುರ್ಚಿ ಇರಲಿ. ಎಪ್ಪತ್ತು ವರ್ಷದ ಹಿಂದೆ ವೆನ್‌ಲಾಕ್‌ನಲ್ಲಿ ಆಗಿದ್ದು ಈಗ ಯಾಕಾಗಲ್ಲ? ಮುಂದಿನ ಜ್ವರ ಬರೋ ಮೊದಲು ಈ ಪ್ರಶ್ನೆಗೆ ಕುಲಪತಿಗಳು ಉತ್ತರ ಕೊಡಲಿ, ಎರಡೂ ಸರ್ಕಾರಗಳು ಸಹಿ ಹಾಕಲಿ.